ಸ್ಟರ್ನ್‌ಡ್ರೈವ್‌ನ ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುತ್ತಿಲ್ಲ, ಬುಡದಿಂದ ಮಾಡುವ ಕ್ರಮ ಏನು?

ತೇಲುಮರ ಕೇಳಿದ್ದು:

ದೋಣಿ ವರ್ಷವಿಡೀ ಉಪ್ಪುನೀರಿನಲ್ಲೇ ಕಟ್ಟಿರುತ್ತದೆ. ಸ್ಟರ್ನ್‌ಡ್ರೈವ್‌ನ (ದೋಣಿಯ ಹಿಂದೆ ನೀರಿನಲ್ಲಿ ಇಳಿದಿರುವ, ಪ್ರೊಪೆಲ್ಲರ್ ತಿರುಗಿಸುವ ಘಟಕ) ಗೇರ್‌ಕೇಸ್, ಅಂದರೆ ಗೇರ್‌ಗಳಿರುವ ಕೆಳಗಿನ ಎರಕ, ಸ್ಕೆಗ್‌ನ (ಅದರ ಅಡಿಯ ರೆಕ್ಕೆ) ಅಂಚು, ಪ್ರೊಪೆಲ್ಲರ್ ಮೇಲಿನ ಪ್ಲೇಟ್‌ನ ಅಡಿಭಾಗ, ಈ ಮೂರು ಕಡೆ ಬಣ್ಣ ಗುಳ್ಳೆ ಎದ್ದಿದೆ. ಗುಳ್ಳೆ ಕೆರೆದರೆ ಒಳಗೆ ಬಿಳಿ ಪುಡಿ, ಪುಡಿ ತೆಗೆದರೆ ಕುಳಿ. ಕೆಲವು ಕುಳಿ 1 ಮಿ.ಮೀ., ಒಂದೆರಡು 2 ಮಿ.ಮೀ. ಆಳ ಇವೆ. ಕಳೆದ ಸಲ ಸ್ಯಾಂಡ್‌ಪೇಪರ್ ಹೊಡೆದು, ಸ್ಪ್ರೇ ಡಬ್ಬಿಯ ಪ್ರೈಮರ್ ಒಂದು ಕೋಟ್, ಅದರ ಮೇಲೆ ಬಣ್ಣ ಎರಡು ಕೋಟ್ ಹಾಕಿದ್ದು. ಎಂಟು ತಿಂಗಳಲ್ಲಿ ಅದೇ ಜಾಗಗಳಲ್ಲಿ ಮತ್ತೆ ಗುಳ್ಳೆ.

ಈಗ ಡ್ರೈವ್ ಬಿಚ್ಚಿ ಸ್ಟ್ಯಾಂಡ್ ಮೇಲೆ ಇಟ್ಟಿದೆ. ಪೂರ್ತಿ ಬಣ್ಣ ಕೀಳಬೇಕೋ, ಹಾಳಾದ ಕಡೆ ಮಾತ್ರ ಸಾಕೋ? ಎಚ್ ಪ್ರೈಮರ್ (ಆ್ಯಸಿಡ್‌ನಿಂದ ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್) ಒಳ್ಳೆಯದೋ ಎಪಾಕ್ಸಿಯೋ? ಕುಳಿಗೆ ಏನು ತುಂಬಬೇಕು? ದೋಣಿಯ ತಳಕ್ಕೆ ಪಾಚಿ, ಚಿಪ್ಪು ಕೂರದಂತೆ ಹಾಕುವ ಆ್ಯಂಟಿಫೌಲಿಂಗ್ ಬಣ್ಣ ಅರ್ಧ ಡಬ್ಬಿ ಉಳಿದಿದೆ, ಅದನ್ನೇ ಡ್ರೈವ್‌ಗೂ ಹೊಡೆಯಬಹುದೇ?

---

ಗೇರ್‌ಕೇಸ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆ ಅರ್ಧ ಡಬ್ಬಿಯನ್ನು ಡ್ರೈವ್ ಹತ್ತಿರಕ್ಕೂ ತರಬೇಡಿ. ಲೇಬಲ್ ಮೇಲೆ ಕ್ಯುಪ್ರಸ್ ಆಕ್ಸೈಡ್ ಎಂದಿದ್ದರೆ ಅದು ತಾಮ್ರದ ಬಣ್ಣ. ಇದರ ಬಗ್ಗೆ ಬೇರೆಯವರು ವಿವರವಾಗಿ ಬರೆಯುತ್ತಾರೆ. ನಾನು ತಯಾರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಬಂದಿದೆ ಎಂದರೆ ತಪ್ಪಿದ್ದು ಬಣ್ಣದಲ್ಲಲ್ಲ. ಕುಳಿಯೊಳಗೆ ಉಪ್ಪು ಉಳಿದಿತ್ತು. ಬಣ್ಣದ ಪದರ ಎಷ್ಟೇ ಗಟ್ಟಿಯಿದ್ದರೂ ನೀರಿನ ಆವಿ ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ಒಳಗಿರುವ ಉಪ್ಪು ಆ ನೀರನ್ನು ಎಳೆದುಕೊಳ್ಳುತ್ತದೆ, ಬಣ್ಣವನ್ನು ಅಡಿಯಿಂದ ಎತ್ತುತ್ತದೆ.

ಕೆಲಸದ ಸರದಿ ಮುಖ್ಯ. ಮೊದಲು ಪಾಚಿ, ಬಾರ್ನಕಲ್ ಚಿಪ್ಪುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕೆರೆಗೋಲಿನಿಂದ ತೆಗೆಯಿರಿ. ಚಿಪ್ಪು ಹೋದ ಮೇಲೂ ಉಂಗುರದಂಥ ಸುಣ್ಣದ ಬುಡ ಅಂಟಿಕೊಂಡಿರುತ್ತದೆ. ಅದನ್ನು ಕರಗಿಸಲು ನೆಲ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಳಸಬೇಡಿ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಕ್ಲೋರೈಡನ್ನೂ ಬಿಟ್ಟುಹೋಗುತ್ತದೆ. ಬಿಳಿ ವಿನೆಗರ್ ನೆನೆಸಿದ ಬಟ್ಟೆ ಸುತ್ತಿಟ್ಟು ಮೆತ್ತಗಾದ ಮೇಲೆ ಕೆರೆದು, ನೀರಿನಲ್ಲಿ ತೊಳೆದರೆ ಸಾಕು. ಕಾಸ್ಟಿಕ್ ಸೋಡಾ ಇರುವ ಯಾವುದೂ ಬೇಡ. ಒಲೆ ತೊಳೆಯುವ ಫೋಮ್‌ನಲ್ಲೂ ಅದೇ ಇರುತ್ತದೆ. ಅಲ್ಯೂಮಿನಿಯಂ ಮುಟ್ಟಿದ ಕೂಡಲೇ ನೊರೆಯುಕ್ಕಿ ಹೈಡ್ರೋಜನ್ ಬಿಡುತ್ತಾ ಲೋಹವನ್ನೇ ಕರಗಿಸುತ್ತದೆ.

ಆಮೇಲೆ ಜಿಡ್ಡು. ಉಜ್ಜುವುದಕ್ಕೆ ಮೊದಲೇ ಜಿಡ್ಡು ತೆಗೆಯಬೇಕು. ಹೆಚ್ಚಿನವರು ಉಜ್ಜಿದ ಮೇಲೆ ಥಿನ್ನರ್ ಒರೆಸುತ್ತಾರೆ, ಅಷ್ಟರಲ್ಲಿ ಗೇರ್ ಎಣ್ಣೆ, ಗ್ರೀಸ್ ಗೀರುಗಳೊಳಗೆ ಒತ್ತಿ ಕೂತಿರುತ್ತದೆ. ಡಿಟರ್ಜೆಂಟ್ ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಒಣಗಿಸಿ, ಅಸಿಟೋನ್‌ನಲ್ಲಿ ಎರಡು ಬಟ್ಟೆಯ ಕ್ರಮ: ಒಂದು ಬಟ್ಟೆಯಿಂದ ಒದ್ದೆ ಮಾಡುವುದು, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ಎತ್ತುವುದು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಹರಡುತ್ತದೆ. ಬಟ್ಟೆ ಆಗಾಗ ಬದಲಿಸಿ, ಹತ್ತಿರ ಬೆಂಕಿ ಬೇಡ.

ಪೂರ್ತಿ ಕೀಳಬೇಕೇ ಎಂದರೆ, ಗುಳ್ಳೆಯ ಅಂಚಿನಿಂದ ಚಾಕುವಿನ ತುದಿ ಹಾಕಿ ಎತ್ತುತ್ತಾ ಹೋಗಿ. ಬಣ್ಣ ಸುಲಭವಾಗಿ ಏಳುವಷ್ಟು ದೂರವೂ ಅಡಿಯಲ್ಲಿ ತುಕ್ಕು ಹರಿದಿದೆ ಎಂದರ್ಥ. ಅದು ನಿಂತ ಜಾಗದಿಂದ ಇನ್ನೂ 3-4 ಸೆಂ.ಮೀ. ಆಚೆಗೆ ಹೋಗಿ ನಿಲ್ಲಿಸಿ. ಮೇಲ್ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಚ್ಚಿಕೊಂಡರೆ ಪೂರ್ತಿ ಕೀಳುವುದೇ ಕಡಿಮೆ ಕೆಲಸ. ಕಂಪನಿಯಲ್ಲಿ ಬಂದ ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆ ಅದನ್ನು ಕೀಳಬೇಡಿ. ಅದರ ಅಡಿಯಲ್ಲಿರುವಂಥ ರಾಸಾಯನಿಕ ಪದರವನ್ನು ಶೆಡ್‌ನಲ್ಲಿ ಮತ್ತೆ ತರುವುದು ಸುಲಭವಲ್ಲ. ಅಂಥ ಕಡೆ 220ರಿಂದ 320 ಗ್ರಿಟ್ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಬಣ್ಣದ ಅಂಚನ್ನು ಬೆರಳಿಗೆ ಮೆಟ್ಟಿಲು ಸಿಗದಂತೆ ಇಳಿಜಾರು ಮಾಡಿ.

ಬರಿ ಲೋಹಕ್ಕೆ 80 ಗ್ರಿಟ್, ಆಮೇಲೆ 120. ಅದಕ್ಕಿಂತ ನುಣುಪು ಮಾಡಿದರೆ ಪ್ರೈಮರ್‌ಗೆ ಹಿಡಿತ ಸಿಗುವುದಿಲ್ಲ. ಕುಳಿಗಳಿಗೆ ಸ್ಯಾಂಡ್‌ಪೇಪರ್ ಇಳಿಯುವುದಿಲ್ಲ, ಅಲ್ಲಿ ಸ್ಟೇನ್‌ಲೆಸ್ ಬ್ರಷ್ ಅಥವಾ ಸಣ್ಣ ಕಾರ್ಬೈಡ್ ಬರ್. ಸಾದಾ ಉಕ್ಕಿನ ತಂತಿ ಬ್ರಷ್, ಹಿತ್ತಾಳೆ ಬ್ರಷ್ ಎರಡೂ ನಿಷಿದ್ಧ. ಅವುಗಳ ಚೂರು ಅಲ್ಯೂಮಿನಿಯಂನಲ್ಲಿ ಹೂತು, ಒಂದೊಂದು ಚೂರೂ ಒಂದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಸ್ಟೇನ್‌ಲೆಸ್ ಬ್ರಷ್ ಆದರೂ ಮೊದಲು ಕಬ್ಬಿಣದ ಮೇಲೆ ಓಡಿಸಿದ್ದು ಬೇಡ. ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಕಾಳು ಸಿಡಿಸಿ ಕೆರೆಯುವುದು) ಮಾಡಿಸಬಹುದಾದರೆ ಕುಳಿಗೆ ಅದಕ್ಕಿಂತ ಒಳ್ಳೆಯದಿಲ್ಲ: ಹೊಸ ಅಲ್ಯೂಮಿನಿಯಂ ಆಕ್ಸೈಡ್ ಗ್ರಿಟ್, ಕಡಿಮೆ ಒತ್ತಡ. ಉಕ್ಕಿನ ಗ್ರಿಟ್ ಅಥವಾ ಕಬ್ಬಿಣದ ಕೆಲಸಕ್ಕೆ ಬಳಸಿ ಉಳಿದ ಮರಳು ಬೇಡ. ಗಾಜಿನ ಮಣಿ ಚೊಕ್ಕಟ ಮಾಡುತ್ತದೆ, ಆದರೆ ಮೇಲ್ಮೈಯನ್ನು ತಟ್ಟಿ ನುಣುಪು ಮಾಡುತ್ತದೆ, ಹಿಡಿತ ಕಡಿಮೆ. ಯಾವುದೇ ಆದರೂ ಪ್ರೊಪ್ ಶಾಫ್ಟ್, ಸೀಲ್, ಗೇರ್ ಎಣ್ಣೆಯ ಪ್ಲಗ್, ನೀರು ಎಳೆಯುವ ರಂಧ್ರ ಎಲ್ಲ ಮುಚ್ಚಿರಬೇಕು. ಒಂದು ಕಾಳು ಗ್ರಿಟ್ ಸೀಲ್‌ನ ತುಟಿಗೆ ಸಿಕ್ಕಿದರೆ ಗೇರ್ ಎಣ್ಣೆಗೆ ನೀರು ಬೆರೆಯುತ್ತದೆ.

ಈಗ ಎಲ್ಲರೂ ಬಿಡುವ ಹಂತ. ಉಜ್ಜಿದ ಮೇಲೆ ಮತ್ತೆ ಸಿಹಿನೀರಿನಲ್ಲಿ, ಆದರೆ ಬಿಸಿನೀರಿನಲ್ಲಿ, ಗಟ್ಟಿ ನೈಲಾನ್ ಬ್ರಷ್ ಹಾಕಿ ಕುಳಿಗಳನ್ನು ತಿಕ್ಕಿ ತೊಳೆಯಿರಿ. ಒಣಗಲಿ. ಒಂದು ರಾತ್ರಿ ಬಿಟ್ಟು ನೋಡಿದರೆ ಕುಳಿಯ ಬಾಯಲ್ಲಿ ಬಿಳಿ ಕಲೆ ಮತ್ತೆ ಎದ್ದಿದೆಯೇ? ಹಾಗಾದರೆ ಉಪ್ಪು ಇನ್ನೂ ಇದೆ. ಮತ್ತೆ ಬ್ರಷ್, ಮತ್ತೆ ತೊಳೆತ. ಎರಡು ಮೂರು ಸುತ್ತು ಬೇಕಾಗುವುದು ಮಾಮೂಲು. ಎರಕದ ಅಲ್ಯೂಮಿನಿಯಂ ಸ್ಪಂಜಿನಂತೆ ರಂಧ್ರಗಳಿರುವ ಲೋಹ, ಮೇಲೆ ಕಂಡಷ್ಟು ಅದರ ಆಳವಲ್ಲ. ಕೊನೆಗೆ ಹೀಟ್‌ಗನ್‌ನಿಂದ ಕೈಗೆ ಸಹಿಸುವಷ್ಟು, 50 ಡಿಗ್ರಿ ಆಸುಪಾಸು, ಬಿಸಿ ಮಾಡಿದರೆ ಅಡಗಿರುವ ನೀರು, ಎಣ್ಣೆ ಹೊರಗೆ ಬೆವರುತ್ತದೆ. ಅದನ್ನು ಒರೆಸಿ.

ಚೊಕ್ಕಟ ಆಗಿದೆಯೇ ಎಂದು ತಿಳಿಯಲು ಶುದ್ಧ ನೀರು ಚಿಮುಕಿಸಿ. ತೆಳು ಹಾಳೆಯಾಗಿ ಹರಡಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ.

ಇಷ್ಟಾದ ಮೇಲೆ ಎಚ್ ಪ್ರೈಮರ್ ತೆಳುವಾಗಿ ಒಂದು ಕೋಟ್, ಅದರ ಮೇಲೆ ಎಪಾಕ್ಸಿ ಪ್ರೈಮರ್.

---

ಮೈಕ್ರಾನ್:

ಕೊನೆಯ ಸಾಲಿಗೆ ನನ್ನ ಆಕ್ಷೇಪವಿದೆ, ಉಳಿದದ್ದೆಲ್ಲ ಒಪ್ಪಿದೆ. ಎಚ್ ಪ್ರೈಮರ್‌ನಲ್ಲಿ ಫಾಸ್ಫಾರಿಕ್ ಆ್ಯಸಿಡ್ ಇರುತ್ತದೆ. ಎಪಾಕ್ಸಿಯನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಅಮೈನ್, ಅಂದರೆ ಕ್ಷಾರ ಗುಣದ್ದು. ಅಡಿಯಲ್ಲಿ ಆ್ಯಸಿಡ್ ಉಳಿದಿದ್ದರೆ ಅದು ಹಾರ್ಡ್‌ನರನ್ನು ತಿಂದು, ಎಪಾಕ್ಸಿ ಲೋಹದ ಕಡೆ ಮೆತ್ತಗೇ ಉಳಿಯುತ್ತದೆ. ಮೇಲೆ ಉಗುರಿಗೆ ಗಟ್ಟಿ ಎನ್ನಿಸಿದರೂ ಹಾಳೆ ಹಾಳೆಯಾಗಿ ಏಳುತ್ತದೆ. ಹಲವು ಎಪಾಕ್ಸಿ ಪ್ರೈಮರ್‌ಗಳ ಡೇಟಾಶೀಟಿನಲ್ಲಿ ಎಚ್ ಪ್ರೈಮರ್ ಮೇಲೆ ಹಾಕಬೇಡಿ ಎಂದೇ ಬರೆದಿರುತ್ತದೆ. ಒಂದೇ ತಯಾರಕರು ಎರಡನ್ನೂ ಜೋಡಿಯಾಗಿ ಸೂಚಿಸಿದ್ದರೆ ಮಾತ್ರ ಹಾಗೆ ಮಾಡಿ.

ಹಾಗಾಗಿ ಎರಡು ದಾರಿ, ಬೆರೆಸಬೇಡಿ. ಒಂದು, ಎಚ್ ಪ್ರೈಮರ್ ಮತ್ತು ಅದಕ್ಕೆ ಹೊಂದುವ ಒಂದೇ ಡಬ್ಬಿಯ ಬಣ್ಣ. ಟ್ರೇಲರ್ ಮೇಲೆ ಹೋಗಿ ಬರುವ ದೋಣಿಗೆ, ದಿನಕ್ಕೆ ಕೆಲವು ಗಂಟೆ ನೀರಿನಲ್ಲಿರುವ ಔಟ್‌ಬೋರ್ಡ್‌ಗೆ ಇದು ಸಾಕು. ಎರಡು, ಬರಿ ಲೋಹದ ಮೇಲೆ ನೇರವಾಗಿ ಎರಡು ಡಬ್ಬಿಯ ಎಪಾಕ್ಸಿ, ಅಂದರೆ ಬಣ್ಣ ಒಂದು ಡಬ್ಬಿ, ಹಾರ್ಡ್‌ನರ್ ಇನ್ನೊಂದು, ಕಲಸಿ ಹಾಕುವಂಥದ್ದು. ಸದಾ ಮುಳುಗಿರುವ ಡ್ರೈವ್‌ಗೆ ಇದೇ. ಎಚ್ ಪ್ರೈಮರ್ ಹತ್ತು ಹದಿನೈದು ಮೈಕ್ರಾನಿನ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಪದರ. ಅದು ಅಂಟಿಕೊಳ್ಳಲು ಇರುವುದು, ನೀರು ತಡೆಯಲು ಅಲ್ಲ. ಹಿಂದಿನ ಸಲದ ನಿಮ್ಮ ಮೂರು ಕೋಟ್ ಎಲ್ಲ ಸೇರಿದರೂ 60-80 ಮೈಕ್ರಾನ್ ದಾಟಿರಲಾರದು. ಮುಳುಗಿರುವ ಅಲ್ಯೂಮಿನಿಯಂಗೆ ಪ್ರೈಮರೇ 200 ಮೈಕ್ರಾನ್ ಬೇಕು.

ಎಪಾಕ್ಸಿ ದಾರಿಯಲ್ಲಿ ಎಚ್ ಪ್ರೈಮರ್‌ನ ಜಾಗಕ್ಕೆ ಕನ್ವರ್ಷನ್ ದ್ರಾವಣ (ಲೋಹದ ಮೇಲೆ ಬಣ್ಣ ಹಿಡಿಯುವ ತೆಳು ರಾಸಾಯನಿಕ ಪದರ ಕಟ್ಟುವಂಥದ್ದು) ಬಳಸಬಹುದು. ಮೊದಲು ಫಾಸ್ಫಾರಿಕ್ ಆಧಾರದ ಅಲ್ಯೂಮಿನಿಯಂ ಕ್ಲೀನರ್, ತೊಳೆತ, ಆಮೇಲೆ ಕನ್ವರ್ಷನ್ ದ್ರಾವಣ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು (ಸಾಮಾನ್ಯವಾಗಿ 2ರಿಂದ 5 ನಿಮಿಷ) ಒಣಗದಂತೆ ಒದ್ದೆ ಇಟ್ಟು, ಮತ್ತೆ ಧಾರಾಳ ನೀರು. ಒಣಗಲು ಬಿಟ್ಟರೆ ಪುಡಿ ಉಳಿಯುತ್ತದೆ, ಬಣ್ಣ ಆ ಪುಡಿಯ ಮೇಲೆ ಕೂರುತ್ತದೆ. ಹಳೆಯ ಬಗೆಯದು ಹೆಕ್ಸಾವೇಲೆಂಟ್ ಕ್ರೋಮಿಯಂ, ಹೊನ್ನಿನ ಬಣ್ಣ ಬರುತ್ತದೆ, ಕೆಲಸಕ್ಕೆ ಬಲು ಚೆನ್ನ, ಕ್ಯಾನ್ಸರ್ ತರುವ ವಸ್ತು, ಮನೆಯಲ್ಲಿ ಮುಟ್ಟಬೇಡಿ. ಟ್ರೈವೇಲೆಂಟ್ ಅಥವಾ ಜಿರ್ಕೋನಿಯಂ ಬಗೆಯದು ಹೆಚ್ಚುಕಡಿಮೆ ಬಣ್ಣವಿಲ್ಲದ್ದು, ಹಾಗಾಗಿ ಎಲ್ಲಿ ತಾಗಿದೆ ಎಲ್ಲಿ ಇಲ್ಲ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ರಮವಾಗಿ ಅಡಿಯಿಂದ ಮೇಲಕ್ಕೆ ಹೋಗಿ. ಇದು ಯಾವುದೂ ಇಲ್ಲದಿದ್ದರೂ ಚೆನ್ನಾಗಿ ಒರಟು ಮಾಡಿದ ಲೋಹದ ಮೇಲೆ ಎಪಾಕ್ಸಿ ನಿಲ್ಲುತ್ತದೆ. ಒಂದೇ ಷರತ್ತು, ಹೊತ್ತು. ಅಲ್ಯೂಮಿನಿಯಂ ಉಜ್ಜಿದ ಕ್ಷಣದಿಂದಲೇ ಮತ್ತೆ ಆಕ್ಸೈಡ್ ಕಟ್ಟಲು ಶುರುಮಾಡುತ್ತದೆ, ಒದ್ದೆ ಹವೆಯಲ್ಲಿ ಅದು ದಪ್ಪವಾಗುತ್ತಾ ಹೋಗುತ್ತದೆ. ತೊಳೆತವೆಲ್ಲ ಮುಗಿದ ಮೇಲೆ, ಬಣ್ಣದ ದಿನ ಬೆಳಗ್ಗೆ ಹೊಸ 120 ಕಾಗದದಲ್ಲಿ ಕೊನೆಯ ಸುತ್ತು ಉಜ್ಜಿ, ಒರೆಸಿ, ನಾಲ್ಕು ಗಂಟೆಯೊಳಗೆ ಮೊದಲ ಕೋಟ್. ಕನ್ವರ್ಷನ್ ಮಾಡಿದ್ದರೆ ಈ ಕೊನೆಯ ಉಜ್ಜು ಬೇಡ, ಮಾಡಿದ್ದೆಲ್ಲ ಹೋಗುತ್ತದೆ.

ಎಷ್ಟು ಬಣ್ಣ ಬೇಕು ಎಂದು ಅಂದಾಜು. ಡ್ರೈವ್‌ನ ಮೇಲ್ಮೈ 1.5 ಚದರ ಮೀಟರ್ ಎಂದಿಟ್ಟುಕೊಳ್ಳಿ. 200 ಮೈಕ್ರಾನ್ ಒಣ ಪದರಕ್ಕೆ 300 ಮಿ.ಲೀ. ಘನ ವಸ್ತು ಬೇಕು. ಡೇಟಾಶೀಟಿನಲ್ಲಿ ಗಾತ್ರದ ಲೆಕ್ಕದ ಘನಾಂಶ 50% ಇದ್ದರೆ 600 ಮಿ.ಲೀ. ಬಣ್ಣ. ಸ್ಪ್ರೇಯಲ್ಲಿ 40% ಗಾಳಿಪಾಲು ಎಂದರೆ ಒಂದು ಲೀಟರ್. ಅದೇ ಬಣ್ಣ 100 ಮೈಕ್ರಾನ್ ಒದ್ದೆ ಹೊಡೆದರೆ ಒಣಗಿ 50 ಉಳಿಯುತ್ತದೆ, ಹಾಗಾಗಿ ನಾಲ್ಕು ಕೋಟ್. ಹಲ್ಲುಗಳಿರುವ ಒದ್ದೆ ಪದರದ ಗೇಜ್ ಕೊಳ್ಳಿ, ಅಂದಾಜಿನಲ್ಲಿ ಹೊಡೆಯುವವರೆಲ್ಲ ಅರ್ಧಕ್ಕೇ ನಿಲ್ಲಿಸುತ್ತಾರೆ.

ಚೂಪಾದ ಅಂಚಿನಲ್ಲಿ ಬಣ್ಣ ಒಣಗುವಾಗ ಎಳೆದುಕೊಂಡು ತೆಳುವಾಗುತ್ತದೆ. ಸ್ಕೆಗ್ ಮತ್ತು ಪ್ಲೇಟ್‌ನ ಅಂಚನ್ನು ಮೊದಲು ಫೈಲ್‌ನಿಂದ 2 ಮಿ.ಮೀ. ದುಂಡು ಮಾಡಿ. ಪ್ರತಿ ಕೋಟ್‌ಗೂ ಮುನ್ನ ಅಂಚು, ಬೋಲ್ಟ್ ಸುತ್ತ, ಮೂಲೆಗಳಿಗೆ ಬ್ರಷ್‌ನಲ್ಲಿ ಒಂದು ಗೆರೆ ಎಳೆದು ಆಮೇಲೆ ಪೂರ್ತಿ ಹೊಡೆಯಿರಿ. ನಿಮ್ಮ ಮೂರು ಹಾಳಾದ ಜಾಗದಲ್ಲಿ ಒಂದು ಅಂಚೇ ಆಗಿರುವುದು ಆಶ್ಚರ್ಯವಲ್ಲ.

ಕುಳಿ ತುಂಬುವುದು ಮೊದಲ ಕೋಟ್ ಎಪಾಕ್ಸಿ ಪ್ರೈಮರ್ ಆದ ಮೇಲೆ. ನೀರಿನ ಕೆಳಗೆ ಬಳಸಲು ಹೇಳಿರುವ ಎಪಾಕ್ಸಿ ಫಿಲ್ಲರ್ ಮಾತ್ರ. ಕಾರಿನ ಬಾಡಿಗೆ ಮೆತ್ತುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ತುಂಬಿ, ಗಟ್ಟಿಯಾದ ಮೇಲೆ ಮೊದಲು ನೀರಿನಲ್ಲಿ ತೊಳೆದು ಆಮೇಲೆ ಉಜ್ಜಿ. ಎಪಾಕ್ಸಿ ಮೇಲೆ ಕೆಲವೊಮ್ಮೆ ಮೇಣದಂಥ ಜಿಗುಟು ಪದರ ಏಳುತ್ತದೆ, ಅದು ನೀರಿಗೆ ಹೋಗುತ್ತದೆ, ಕಾಗದಕ್ಕೆ ಹೋಗದೆ ಮೈಗೆಲ್ಲ ಮೆತ್ತಿಕೊಳ್ಳುತ್ತದೆ.

ಹವಾಮಾನ: ಲೋಹದ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 30 ಡಿಗ್ರಿ, ತೇವಾಂಶ 80% ಎಂದರೆ ಇಬ್ಬನಿ ಬಿಂದು ಸುಮಾರು 26. ರಾತ್ರಿ ತಣ್ಣಗಾದ ಗೇರ್‌ಕೇಸ್ ಬೆಳಗ್ಗೆ 27 ಇದ್ದರೆ ಕಣ್ಣಿಗೆ ಕಾಣದ ತೇವ ಅದರ ಮೇಲೆ ಕೂತಿರಬಹುದು. ದಪ್ಪ ಎರಕ ನಿಧಾನವಾಗಿ ಬಿಸಿಯೇರುತ್ತದೆ, ಗಾಳಿಯ ತಾಪ ನೋಡಿ ಮೋಸಹೋಗಬೇಡಿ.

ಹಾರ್ಡ್‌ನರ್ ಅಳತೆ ಡಬ್ಬಿಯಲ್ಲಿರುವಂತೆಯೇ. ಬೇಗ ಒಣಗಲಿ ಎಂದು ಒಂದು ಮುಚ್ಚಳ ಹೆಚ್ಚು ಹಾಕಿದರೆ ಬೇಗ ಒಣಗುವುದಿಲ್ಲ, ಪದರ ದುರ್ಬಲವಾಗುತ್ತದೆ ಅಷ್ಟೆ. ಕೋಟ್‌ಗಳ ನಡುವಿನ ಅವಧಿ ಮೀರಿದರೆ 320ರಲ್ಲಿ ಉಜ್ಜದೆ ಮುಂದಿನದು ಹಾಕಬೇಡಿ. ಮೇಲಿನ ಬಣ್ಣ ಎರಡು ಡಬ್ಬಿಯ ಪಾಲಿಯುರೆಥೇನ್ ಆದರೆ ಅದರ ಹಾರ್ಡ್‌ನರ್ ಐಸೊಸಯನೇಟ್. ಸ್ಪ್ರೇ ಮಾಡುವುದಾದರೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಸ್ಪ್ರೇ ಯೋಚನೆ ಬಿಟ್ಟು ರೋಲರ್, ಬ್ರಷ್ ಹಿಡಿಯಿರಿ. ನೀರಿನ ಕೆಳಗೆ ಬ್ರಷ್‌ನ ಗೆರೆ ಯಾರೂ ನೋಡುವುದಿಲ್ಲ.

---

ಸತುಗಟ್ಟಿ:

ಇಬ್ಬರೂ ಬಣ್ಣದ ಬಗ್ಗೆ ಬರೆದಿದ್ದಾರೆ. 2 ಮಿ.ಮೀ. ಕುಳಿ ಮಾಡುವುದು ಬಣ್ಣದ ತಪ್ಪಲ್ಲ, ಕರೆಂಟಿನ ಕೆಲಸ. ಆನೋಡ್, ಅಂದರೆ ತಾನು ಸವೆದು ಡ್ರೈವ್‌ನ ಲೋಹವನ್ನು ಕಾಯುವ ಲೋಹದ ತುಂಡು, ಪ್ರಶ್ನೆಯಲ್ಲಿ ಎಲ್ಲೂ ಬಂದೇ ಇಲ್ಲ, ಅಲ್ಲೇ ನನಗೆ ಅನುಮಾನ.

ಡ್ರೈವ್‌ನಲ್ಲಿ ಅಲ್ಯೂಮಿನಿಯಂ ಮೈ, ಸ್ಟೇನ್‌ಲೆಸ್ ಪ್ರೊಪೆಲ್ಲರ್, ಸ್ಟೇನ್‌ಲೆಸ್ ಶಾಫ್ಟ್, ಎಲ್ಲ ಒಂದೇ ಉಪ್ಪುನೀರಿನಲ್ಲಿ. ಇದರಲ್ಲಿ ಸವೆಯುವ ಪಾಳಿ ಅಲ್ಯೂಮಿನಿಯಂನದು. ಬಣ್ಣ ಹಾಕಿ ಮುಚ್ಚಿದಿರಿ, ಒಂದು ಕಡೆ ಗೀರು ಬಿತ್ತು ಎನ್ನಿ. ಬರಿ ಸ್ಟೇನ್‌ಲೆಸ್ ಅಷ್ಟೇ ದೊಡ್ಡದಿದೆ, ಬರಿ ಅಲ್ಯೂಮಿನಿಯಂ ಮಾತ್ರ ಉಗುರಗಲ. ಇಡೀ ಸವೆತ ಆ ಉಗುರಗಲದಲ್ಲೇ ಕೊರೆಯುತ್ತದೆ. ಅಂದರೆ ಆನೋಡ್ ಕೆಲಸ ಮಾಡದ ಡ್ರೈವ್‌ಗೆ ಒಳ್ಳೆಯ ಬಣ್ಣ ಹಾಕಿದಷ್ಟೂ ಗೀರು ಬಿದ್ದ ಕಡೆ ಕುಳಿ ಆಳವಾಗುತ್ತದೆ. ಬಣ್ಣ ಇರುವುದು ಆನೋಡ್‌ನ ಹೊರೆ ಇಳಿಸಲಿಕ್ಕೆ, ಆನೋಡ್‌ನ ಬದಲಿಗೆ ಅಲ್ಲ.

ನೋಡಬೇಕಾದ್ದು: ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್, ಸಿಹಿನೀರಿಗೆ ಮ್ಯಾಗ್ನೀಸಿಯಂ, ಅಳಿವೆಯಂಥ ಬೆರಕೆ ನೀರಿಗೆ ಅಲ್ಯೂಮಿನಿಯಂ. ಸತು ಸಿಹಿನೀರಿನಲ್ಲಿ ಮೇಲೆ ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ, ಸವೆಯದ ಆನೋಡ್ ನೋಡಿ ಖುಷಿಪಡಬೇಡಿ. ಮ್ಯಾಗ್ನೀಸಿಯಂ ಉಪ್ಪುನೀರಿಗೆ ಹಾಕಿದರೆ ತದ್ವಿರುದ್ಧ: ರಕ್ಷಣೆ ಅತಿಯಾಗಿ ಲೋಹದ ಮೇಲ್ಮೈಯಲ್ಲಿ ಕ್ಷಾರ ಹುಟ್ಟುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಕ್ಷಾರ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಅರ್ಧ ಸವೆದದ್ದನ್ನು ಬದಲಿಸಿ.

ಆನೋಡ್ ಕೂರುವ ಜಾಗಕ್ಕೆ ಬಣ್ಣ ಬೀಳಬಾರದು, ಆನೋಡ್‌ಗಂತೂ ಬೀಳಲೇಬಾರದು. ಜೋಡಿಸಿದ ಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ಆನೋಡ್‌ಗೆ, ಇನ್ನೊಂದು ಗೇರ್‌ಕೇಸ್‌ನ ಬರಿ ಲೋಹಕ್ಕೆ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಡ್ರೈವ್ ಭಾಗಗಳ ನಡುವಿನ ಸಣ್ಣ ಅರ್ಥಿಂಗ್ ತಂತಿಗಳನ್ನೂ ಹೀಗೇ ಪರೀಕ್ಷಿಸಿ, ಬಣ್ಣದ ಕೆಲಸದಲ್ಲಿ ಬಿಚ್ಚಿ ಮರಳಿ ಹಾಕುವಾಗ ವಾಷರ್ ಅಡಿಯಲ್ಲಿ ಬಣ್ಣ ಉಳಿದು ಸಂಪರ್ಕ ತಪ್ಪುವುದು ತೀರಾ ಸಾಮಾನ್ಯ. ದೋಣಿ ನೀರಿಗಿಳಿದ ಮೇಲೆ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಇಳಿಬಿಟ್ಟು, ಅದಕ್ಕೆ ಹೋಲಿಸಿ ಡ್ರೈವ್‌ನ ವೋಲ್ಟೇಜ್ ಅಳೆದರೆ −950ರಿಂದ −1100 ಮಿಲಿವೋಲ್ಟ್ ನಡುವೆ ಇರಬೇಕು. ದಡದ ಕರೆಂಟಿಗೆ ಸದಾ ಸಿಕ್ಕಿಸಿರುವ ದೋಣಿಯಾದರೆ ಗ್ಯಾಲ್ವಾನಿಕ್ ಐಸೊಲೇಟರ್ (ಅರ್ಥಿಂಗ್ ತಂತಿಯ ಮೂಲಕ ದೋಣಿಗಳ ನಡುವೆ ಹರಿಯುವ ಸಣ್ಣ ಕರೆಂಟನ್ನು ತಡೆಯುವ ಸಾಧನ) ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಆನೋಡ್ ಪಕ್ಕದ ದೋಣಿಗಳನ್ನೂ ಕಾಯುತ್ತಾ ಸವೆಯುತ್ತಿರುತ್ತದೆ.

ಆ್ಯಂಟಿಫೌಲಿಂಗ್: ಕ್ಯುಪ್ರಸ್ ಆಕ್ಸೈಡ್ ಬೇಡ ಎಂದಾಯಿತು, ಅದರ ತಾಮ್ರದ ಎದುರು ಅಲ್ಯೂಮಿನಿಯಂ ಸವೆಯುತ್ತದೆ. ಅಲ್ಯೂಮಿನಿಯಂಗೆ ಎಂದು ಬರೆದಿರುವವುಗಳಲ್ಲಿ ಕಾಪರ್ ಥಯೋಸಯನೇಟ್ ಇರುವುದೂ ಇದೆ, ಜಿಂಕ್ ಪೈರಿಥಿಯೋನ್‌ನಂಥ ತಾಮ್ರವಿಲ್ಲದ್ದೂ ಇದೆ. ಎರಡೂ ನಡೆಯುತ್ತವೆ, ಮೊದಲನೆಯದಕ್ಕೆ ಅಡಿಯ ಎಪಾಕ್ಸಿ ಪೂರ್ತಿ ಇರಲೇಬೇಕು. ಎಪಾಕ್ಸಿಯ ಕೊನೆಯ ಕೋಟ್ ಹೆಬ್ಬೆರಳು ಒತ್ತಿದರೆ ಗುರುತು ಬೀಳುವಷ್ಟು, ಆದರೆ ಬೆರಳಿಗೆ ಅಂಟದಷ್ಟು ಆರಿದಾಗ ಆ್ಯಂಟಿಫೌಲಿಂಗ್‌ನ ಮೊದಲ ಕೋಟ್ ಹಾಕಿದರೆ ಎರಡೂ ಕಚ್ಚಿಕೊಳ್ಳುತ್ತವೆ. ದೋಣಿಯ ತಳದಲ್ಲಿ ತಾಮ್ರದ ಬಣ್ಣವಿದ್ದರೆ ಡ್ರೈವ್ ಸುತ್ತ ಟ್ರಾನ್ಸಮ್ (ದೋಣಿಯ ಹಿಂಬದಿಯ ಗೋಡೆ) ಮೇಲೆ 40 ಮಿ.ಮೀ. ಅಗಲ ಬಣ್ಣವಿಲ್ಲದ ಪಟ್ಟಿ ಬಿಡಿ.

---

ತೇಲುಮರ:

ಎಲ್ಲರಿಗೂ ಧನ್ಯವಾದ. ಆನೋಡ್ ಪರೀಕ್ಷಿಸಿದೆ: ಮೀಟರ್ 40 ಓಮ್ ತೋರಿಸುತ್ತಿದೆ, ಹಿಂದೆ ಬಿಚ್ಚಿದರೆ ಕೂರುವ ಜಾಗದ ತುಂಬ ಹಳೆಯ ಬಣ್ಣ. ಇನ್ನು ಮೂರು ಸಂಶಯ. ಒಂದು ಬದಿಯಲ್ಲಿ ಈಗಾಗಲೇ ಉಕ್ಕಿನ ತಂತಿ ಬ್ರಷ್ ಹಾಕಿಬಿಟ್ಟಿದೆ, ಏನು ಮಾಡಲಿ? ಹಳೆಯ ಪ್ರೈಮರ್ ಹಳದಿ ಹಸಿರು ಬಣ್ಣದ್ದು, ಅದರ ಧೂಳು ಅಪಾಯವೇ? ಪೌಡರ್ ಕೋಟಿಂಗ್ ಮಾಡಿಸಿದರೆ ಇಷ್ಟೆಲ್ಲ ತಪ್ಪುತ್ತದೆಯೇ?

---

ಗೇರ್‌ಕೇಸ್:

ಮೈಕ್ರಾನ್ ಅವರ ತಿದ್ದುಪಡಿ ಸರಿ. ಎಚ್ ಪ್ರೈಮರ್ ಬಿಟ್ಟು ನೇರ ಎಪಾಕ್ಸಿಗೇ ಹೋಗಿ.

ತಂತಿ ಬ್ರಷ್ ಹಾಕಿದ ಬದಿಗೆ ಹೊಸ 80 ಕಾಗದದಲ್ಲಿ ಮೇಲ್ಪದರ ಪೂರ್ತಿ ತೆಗೆಯಿರಿ, ಕಾಗದ ಆಗಾಗ ಬದಲಿಸಿ, ಇಲ್ಲದಿದ್ದರೆ ಅದೇ ಚೂರನ್ನು ಬೇರೆ ಕಡೆ ಹರಡುತ್ತೀರಿ. ಆಮೇಲೆ ಒದ್ದೆ ಬಟ್ಟೆ ಒಂದು ರಾತ್ರಿ ಸುತ್ತಿಡಿ. ಬೆಳಗ್ಗೆ ಕೆಂಚು ಚುಕ್ಕೆ ಎಲ್ಲಿ ಕಂಡರೆ ಅಲ್ಲಿ ಉಕ್ಕು ಉಳಿದಿದೆ.

ಹಳದಿ ಹಸಿರು ಎಂದರೆ ಜಿಂಕ್ ಕ್ರೋಮೇಟ್ ಎಂದೇ ತಿಳಿದು ನಡೆಯಿರಿ. ಒಣ ಉಜ್ಜು ಬೇಡ. ನೀರು ಹಾಕಿ ಉಜ್ಜಿ, ಪಿ100 ದರ್ಜೆಯ ಮಾಸ್ಕ್, ಕೈಗವಸು ಹಾಕಿ. ಕೆಸರನ್ನು ಬಟ್ಟೆಯಲ್ಲಿ ಎತ್ತಿ ಚೀಲಕ್ಕೆ ಕಟ್ಟಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ, ಚರಂಡಿಗೆ ಬಿಡಬೇಡಿ.

ಪೌಡರ್ ಕೋಟಿಂಗ್ ಒಲೆ 180-200 ಡಿಗ್ರಿಗೆ ಹೋಗುತ್ತದೆ. ಸೀಲ್, ಬೇರಿಂಗ್ ಎಲ್ಲ ಬಿಚ್ಚಿ ಖಾಲಿ ಎರಕ ಮಾತ್ರ ಕಳಿಸಬೇಕು. ಹಳೆಯ ಎರಕದ ರಂಧ್ರಗಳಲ್ಲಿ ಇರುವ ಎಣ್ಣೆ, ನೀರು ಆ ಬಿಸಿಗೆ ಹೊರಬಂದು ಪದರದಲ್ಲಿ ಸೂಜಿ ತೂತು ಮಾಡುತ್ತದೆ. ಹೊಸ ಎರಕಕ್ಕಾದರೆ ಸರಿ, ಕುಳಿ ಬಿದ್ದದ್ದಕ್ಕೆ ನಾನು ಹೇಳಲಾರೆ. ಒಮ್ಮೆ ಗೀರು ಬಿದ್ದರೆ ಅಡಿಯಲ್ಲಿ ಹುಳ ಹರಿದಂತೆ ತುಕ್ಕು ಹರಿಯುತ್ತದೆ, ಅದಕ್ಕೆ ಮನೆಯಲ್ಲಿ ತೇಪೆ ಹಾಕುವುದೂ ಕಷ್ಟ.

---

ಸತುಗಟ್ಟಿ:

40 ಓಮ್! ಆ ಆನೋಡ್ ಸುಮ್ಮನೆ ನೇತಾಡುತ್ತಿತ್ತು ಅಷ್ಟೆ. ಕೂರುವ ಜಾಗವನ್ನು ಬರಿ ಲೋಹಕ್ಕೆ ಇಳಿಸಿ, ಬೋಲ್ಟ್‌ನ ಎಳೆಗಳನ್ನೂ ತೊಳೆಯಿರಿ. ಮುಚ್ಚುವಾಗ ಮರೆಯುವ ಜಾಗಗಳು: ಆನೋಡ್ ಕೂರುವ ಮುಖಗಳು, ಅರ್ಥಿಂಗ್ ತಂತಿಯ ಬೋಲ್ಟ್ ಮುಖ, ನೀರೆಳೆಯುವ ಜಾಲರಿ, ವೇಗ ಅಳೆಯುವ ಸಣ್ಣ ತೂತು, ಟ್ರಿಮ್ ಸಿಲಿಂಡರಿನ ಹೊಳೆಯುವ ಕಡ್ಡಿ, ರಬ್ಬರ್ ಬೆಲ್ಲೋಸ್, ಪ್ರೊಪ್ ಶಾಫ್ಟಿನ ಸ್ಪ್ಲೈನ್. ಡ್ರೈವ್‌ನಲ್ಲಿ ಎಲೆಕ್ಟ್ರಾನಿಕ್ ರಕ್ಷಣೆಯ ಎಲೆಕ್ಟ್ರೋಡ್ ಇದ್ದರೆ ಅದಕ್ಕೂ ಬಣ್ಣ ತಾಗಬಾರದು.

ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ಮರಳಿ ಹಾಕುವಾಗ ಎಳೆಗಳಿಗೆ ಮರೀನ್ ಗ್ರೀಸ್. ಗ್ರಾಫೈಟ್ ಇರುವ ಗ್ರೀಸ್ ಬೇಡ, ಗ್ರಾಫೈಟ್ ಎದುರು ಅಲ್ಯೂಮಿನಿಯಂ ಸ್ಟೇನ್‌ಲೆಸ್ ಎದುರಿಗಿಂತಲೂ ಬೇಗ ಸವೆಯುತ್ತದೆ. ಇದೇ ಕಾರಣಕ್ಕೆ ಉಜ್ಜಿದ ಲೋಹದ ಮೇಲೆ ಸೀಸದಕಡ್ಡಿಯಿಂದ ಗುರುತು ಕೂಡ ಹಾಕಬೇಡಿ.

---

ಮೈಕ್ರಾನ್:

ನೀರಿಗಿಳಿಸುವ ದಿನದ ಬಗ್ಗೆ ಇನ್ನೊಂದು ಮಾತು. ಮುಟ್ಟಿದರೆ ಒಣಗಿದೆ ಎನ್ನಿಸುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಎರಡು ಡಬ್ಬಿಯ ಎಪಾಕ್ಸಿ, ಪಾಲಿಯುರೆಥೇನ್ ಎರಡಕ್ಕೂ 20-25 ಡಿಗ್ರಿಯಲ್ಲಿ ಸುಮಾರು ಏಳು ದಿನ ಬೇಕು, ತಂಪಿನಲ್ಲಿ ಇನ್ನೂ ಹೆಚ್ಚು. ಮೇಲೆ ಆ್ಯಂಟಿಫೌಲಿಂಗ್ ಇದ್ದರೆ ಅದರ ಡಬ್ಬಿಯಲ್ಲಿ ನೀರಿಗಿಳಿಸುವ ಕನಿಷ್ಠ, ಗರಿಷ್ಠ ಅವಧಿ ಎರಡೂ ಬರೆದಿರುತ್ತದೆ, ಅದನ್ನು ಹಿಡಿಯಿರಿ. ಡ್ರೈವನ್ನು ಎತ್ತಿ ಜೋಡಿಸುವಾಗ ಬೆಲ್ಟ್ ತಾಗಿದ ಕಡೆ ಗೀರು ಬೀಳುವುದುಂಟು. ಕಲಸಿದ ಎಪಾಕ್ಸಿ ಸ್ವಲ್ಪ, 120 ಕಾಗದ ಒಂದು ತುಂಡು ಪಕ್ಕದಲ್ಲೇ ಇರಲಿ, ಜೋಡಿಸಿದ ಕೂಡಲೇ ಬ್ಯಾಟರಿ ಬೆಳಕು ಹಿಡಿದು ಸ್ಕೆಗ್‌ನ ಅಡಿಯವರೆಗೂ ನೋಡಿ.